ಆಟೊಮ್ಯಾಟಿಕ್ ಕಾರು ಓವರ್‌ಡ್ರೈವ್‌ಗೆ ಏರದಿದ್ದರೆ: ಗೇರ್‌ಬಾಕ್ಸ್ ಇಳಿಸುವ ಮುನ್ನ ಮಾಡಬೇಕಾದ ತಪಾಸಣೆ

ಕ್ಯಾತಸಂದ್ರದ ಟೋಲ್ ದಾಟಿ ಶಿರಾ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದರೂ ಎಂಜಿನ್ನಿನ ಮೊರೆತ ತಗ್ಗುವುದಿಲ್ಲ, ಆರ್‌ಪಿಎಂ ಮುಳ್ಳು ಮೂರು ಸಾವಿರದ ಆಸುಪಾಸಿನಿಂದ ಕೆಳಗಿಳಿಯುವುದಿಲ್ಲ, ತುಂಬಿಸಿದ ಪೆಟ್ರೋಲು ಎಂದಿಗಿಂತ ಬೇಗ ಮುಗಿಯುತ್ತದೆ. ಆಟೊಮ್ಯಾಟಿಕ್ ಕಾರು ಕೊನೆಯ ಗೇರಿಗೆ, ಅಂದರೆ ಓವರ್‌ಡ್ರೈವ್‌ಗೆ, ಏರುತ್ತಿಲ್ಲ ಎಂಬುದರ ಲಕ್ಷಣಗಳಿವು. ಬೆಂಗಳೂರಿನಲ್ಲಿ ಹಲವು ವರ್ಷ ಓಡಿದ ಆಟೊಮ್ಯಾಟಿಕ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತುಮಕೂರಿಗೆ ತಂದವರ ಗಮನಕ್ಕೆ ಇದು ಹೆಚ್ಚಾಗಿ ಬರುತ್ತದೆ. ನಗರದ ವಾಹನ ದಟ್ಟಣೆಯಲ್ಲಿ ಕೊನೆಯ ಗೇರಿನ ಅಗತ್ಯವೇ ಬೀಳದ ಕಾರಣ ಹಿಂದಿನ ಮಾಲೀಕರಿಗೆ ಈ ದೋಷ ಕಾಣದೆ ಹೋಗಿರಬಹುದು. ಹೆದ್ದಾರಿಗೆ ಬಂದ ಮೊದಲ ದಿನವೇ ಅದು ಬಯಲಾಗುತ್ತದೆ.

ಇಂಥ ಕಾರನ್ನು ಗ್ಯಾರೇಜಿಗೆ ಒಯ್ದಾಗ ಬಹಳ ಕಡೆ ಮೊದಲು ಕೇಳಿಬರುವ ಮಾತು "ಗೇರ್‌ಬಾಕ್ಸ್ ಇಳಿಸಿ ನೋಡಬೇಕು" ಎಂಬುದು. ಈ ಮಾತಿಗೆ ಒಪ್ಪಿಗೆ ಕೊಡುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿರಲೇಬೇಕು. ಕೊನೆಯ ಗೇರಿಗೆ ಏರು ಎಂಬ ಆಜ್ಞೆಯನ್ನು ಕಾರಿನ ಕಂಪ್ಯೂಟರ್ ಕೊಡುತ್ತಲೇ ಇಲ್ಲವೋ, ಅಥವಾ ಕೊಟ್ಟ ಆಜ್ಞೆಯನ್ನು ಗೇರ್‌ಬಾಕ್ಸ್ ನೆರವೇರಿಸುತ್ತಿಲ್ಲವೋ? ಆಜ್ಞೆಯೇ ಹೊರಟಿಲ್ಲವಾದರೆ ದೋಷವಿರುವುದು ಒಂದು ಸ್ವಿಚ್ಚಿನಲ್ಲಿ, ಸೆನ್ಸರಿನಲ್ಲಿ, ವೈರಿನಲ್ಲಿ ಅಥವಾ ಎಂಜಿನ್ನಿನ ಉಷ್ಣತೆ ಕಾಯುವ ಥರ್ಮೋಸ್ಟಾಟ್ ವಾಲ್ವಿನಲ್ಲಿ. ಗೇರ್‌ಬಾಕ್ಸ್ ಬಿಚ್ಚಿದರೆ ಅಲ್ಲಿ ಏನೂ ಸಿಗುವುದಿಲ್ಲ. ಮುಂದಿನ ಹಂತಗಳೆಲ್ಲವೂ ಈ ಪ್ರಶ್ನೆಯ ಉತ್ತರವನ್ನು ಹುಡುಕುವ ಕ್ರಮವೇ ಆಗಿವೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಖರ್ಚಿನವು ಕೊನೆಗೆ.

ಯಾವ ಕಾರುಗಳಿಗೆ ಇದು ಅನ್ವಯಿಸುತ್ತದೆ

ಗೇರ್‌ಬಾಕ್ಸಿನೊಳಗೆ ಬರುವ ಶಾಫ್ಟ್ ಒಂದು ಸುತ್ತು ಸುತ್ತಿದಾಗ ಹೊರಹೋಗುವ ಶಾಫ್ಟ್ ಒಂದಕ್ಕಿಂತ ಹೆಚ್ಚು ಸುತ್ತು ತಿರುಗುವ ಗೇರನ್ನು ಓವರ್‌ಡ್ರೈವ್ ಎನ್ನುತ್ತಾರೆ. ನಾಲ್ಕು ಗೇರಿನ ಆಟೊಮ್ಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ ಮೂರನೆಯ ಗೇರಿನ ಅನುಪಾತ (ಹೊರಹೋಗುವ ಶಾಫ್ಟ್ ಒಂದು ಸುತ್ತು ತಿರುಗಲು ಒಳಬರುವ ಶಾಫ್ಟ್ ತಿರುಗಬೇಕಾದ ಸುತ್ತುಗಳು) 1 ಇರುತ್ತದೆ, ನಾಲ್ಕನೆಯದು 0.7ರ ಸುತ್ತಮುತ್ತ ಇರುತ್ತದೆ. ಆದ್ದರಿಂದ ಅದೇ ವೇಗದಲ್ಲಿ ನಾಲ್ಕನೆಯ ಗೇರಿಗೆ ಏರಿದರೆ ಎಂಜಿನ್ನಿನ ಸುತ್ತುಗಳು ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಗುತ್ತವೆ. ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಹ್ಯುಂಡೈ ಐ10, ಹಳೆಯ ವರ್ನಾ, ಮಾರುತಿ ಎರ್ಟಿಗಾ, ಸಿಯಾಜ್, ಟೊಯೊಟಾ ಕೊರೊಲಾ ಆಲ್ಟಿಸ್ ಮುಂತಾದವುಗಳಲ್ಲಿ ಇಂಥ ನಾಲ್ಕು ಗೇರಿನ ಪೆಟ್ಟಿಗೆ ಬಂದಿದೆ. ಐದು, ಆರು ಗೇರಿನ ಟಾರ್ಕ್ ಕನ್ವರ್ಟರ್ ಕಾರುಗಳಲ್ಲಿ ಮೇಲಿನ ಒಂದೋ ಎರಡೋ ಗೇರುಗಳು ಓವರ್‌ಡ್ರೈವ್ ಆಗಿರುತ್ತವೆ. ತಪಾಸಣೆಯ ತರ್ಕ ಅವಕ್ಕೂ ಇದೇ. ಎಎಂಟಿ ಎಂಬ ಹೆಸರಿನಲ್ಲಿ ಬರುವ ಕಾರುಗಳು ಮೂಲತಃ ಮ್ಯಾನುಯಲ್ ಗೇರ್‌ಬಾಕ್ಸ್‌ಗಳು, ಅವುಗಳ ಕ್ಲಚ್ಚನ್ನೂ ಗೇರನ್ನೂ ಮೋಟಾರು ಒತ್ತುತ್ತದೆಯಷ್ಟೆ. ಸಿವಿಟಿಗಳಲ್ಲಿ ನಿಗದಿತ ಗೇರುಗಳೇ ಇಲ್ಲ. ಇವೆರಡಕ್ಕೂ ಈ ಬರಹ ಅನ್ವಯಿಸದು.

ಮೊದಲನೆಯ ಹಂತ: ದೋಷ ನಿಜವೇ ಎಂದು ಲೆಕ್ಕದಿಂದ ಖಚಿತಪಡಿಸಿಕೊಳ್ಳಿ

ಕಿವಿಯ ಅಂದಾಜನ್ನು ನಂಬಬೇಡಿ. ಮೀಟರಿನಲ್ಲಿ ಗೇರಿನ ಸಂಖ್ಯೆ ತೋರಿಸದ ಕಾರಿನಲ್ಲೂ ಯಾವ ಗೇರು ಬಿದ್ದಿದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಬೇಕಾದದ್ದು ಮೂರು ಸಂಗತಿಗಳು: ಟೈರಿನ ಸುತ್ತಳತೆ, ಫೈನಲ್ ಡ್ರೈವ್ ಅನುಪಾತ (ಗೇರ್‌ಬಾಕ್ಸಿನ ಹೊರಶಾಫ್ಟಿಗೂ ಚಕ್ರಕ್ಕೂ ನಡುವಿನ ಗೇರಿನದು), ಗೇರಿನ ಅನುಪಾತ. ಕೊನೆಯ ಎರಡು ಕಾರಿನ ತಾಂತ್ರಿಕ ವಿವರಗಳ ಪಟ್ಟಿಯಲ್ಲಿ ಸಿಗುತ್ತವೆ. ಉದಾಹರಣೆಗೆ 185/65 ಆರ್ 15 ಟೈರಿನ ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 80 ಕಿ.ಮೀ. ಎಂದರೆ ನಿಮಿಷಕ್ಕೆ 1333 ಮೀಟರ್, ಆಗ ಚಕ್ರ ನಿಮಿಷಕ್ಕೆ ಸುಮಾರು 683 ಸುತ್ತು ತಿರುಗುತ್ತದೆ. ಫೈನಲ್ ಡ್ರೈವ್ ಅನುಪಾತ 4 ಎಂದಿಟ್ಟುಕೊಂಡರೆ ಮೂರನೆಯ ಗೇರಿನಲ್ಲಿ ಎಂಜಿನ್ ಸುಮಾರು 2730 ಆರ್‌ಪಿಎಂನಲ್ಲಿಯೂ, 0.7 ಅನುಪಾತದ ನಾಲ್ಕನೆಯ ಗೇರಿನಲ್ಲಿ ಸುಮಾರು 1910ರಲ್ಲಿಯೂ ಇರಬೇಕು. ಟಾರ್ಕ್ ಕನ್ವರ್ಟರಿನ ಜಾರಿಕೆಯಿಂದ ಸ್ವಲ್ಪ ಹೆಚ್ಚು ತೋರಿಸಬಹುದು. ಆದರೆ ಎರಡು ಗೇರುಗಳ ನಡುವೆ 800 ಸುತ್ತುಗಳ ಅಂತರವಿರುವಾಗ ಗೊಂದಲಕ್ಕೆ ಎಡೆಯಿಲ್ಲ. ನಿಮ್ಮ ಕಾರಿನ ಅಂಕಿಗಳನ್ನು ಹಾಕಿ ಹೀಗೆಯೇ ಎರಡು ಸಂಖ್ಯೆ ಬರೆದಿಟ್ಟುಕೊಂಡು ಹೆದ್ದಾರಿಗೆ ಹೊರಡಿ.

ಪರೀಕ್ಷೆಗೆ ಸಮತಟ್ಟಾದ, ವಾಹನ ಸಂಚಾರ ಕಡಿಮೆಯಿರುವ ರಸ್ತೆ ಬೇಕು. ತುಮಕೂರಿನಿಂದ ಶಿರಾ ಕಡೆಗಿನ ಹೆದ್ದಾರಿಯಲ್ಲಿ ವಸಂತನರಸಾಪುರದ ಆಚೆ ಬೆಳಗಿನ ಹೊತ್ತು ಇದಕ್ಕೆ ಅನುಕೂಲ. ಎಂಜಿನ್ ಪೂರ್ತಿ ಬಿಸಿಯಾಗುವಂತೆ ಮೊದಲು ಇಪ್ಪತ್ತು ನಿಮಿಷ ಓಡಿಸಿ, ಬಳಿಕ ನಿಂತಲ್ಲಿಂದ ಆಕ್ಸಿಲರೇಟರನ್ನು ಹಗುರವಾಗಿ ಒತ್ತುತ್ತಾ ವೇಗ ಹೆಚ್ಚಿಸಿ, ಮುಳ್ಳು ಎಷ್ಟು ಸಲ ಇಳಿಯುತ್ತದೆ ಎಂದು ಎಣಿಸಿ. ನಾಲ್ಕು ಗೇರಿನ ಕಾರಿನಲ್ಲಿ ಮೂರು ಸಲ ಇಳಿಯಬೇಕು. ಹಗುರವಾಗಿ ಒತ್ತಿದಾಗ ಕೊನೆಯ ಇಳಿತ ಸಾಮಾನ್ಯವಾಗಿ ಗಂಟೆಗೆ 50ರಿಂದ 65 ಕಿ.ಮೀ. ನಡುವೆ ಬರುತ್ತದೆ. ಮುಳ್ಳನ್ನು ನೋಡುವ ಕೆಲಸವನ್ನು ಪಕ್ಕದಲ್ಲಿ ಕೂತವರಿಗೆ ಒಪ್ಪಿಸಿ, ಚಾಲಕರ ಕಣ್ಣು ರಸ್ತೆಯ ಮೇಲೆಯೇ ಇರಲಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ನಾಲ್ಕನೆಯ ಗೇರು ಬಿದ್ದ ಬಳಿಕ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜಾರದಂತೆ ನೇರವಾಗಿ ಬೆಸೆಯುವ, ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ ಕೂಡ ಹಿಡಿದುಕೊಳ್ಳುತ್ತದೆ, ಆಗ ಆರ್‌ಪಿಎಂ ಇನ್ನೊಂದು ಇನ್ನೂರು ಮುನ್ನೂರರಷ್ಟು ಇಳಿಯುತ್ತದೆ. ಇದನ್ನು ಅನೇಕರು ಇನ್ನೊಂದು ಗೇರು ಎಂದು ತಿಳಿಯುತ್ತಾರೆ. ಲಾಕಪ್ ಬೀಳದಿದ್ದರೆ "ಟಾಪ್ ಗೇರ್ ಬೀಳುತ್ತಿಲ್ಲ" ಎಂದು ದೂರುವವರೂ ಇದ್ದಾರೆ. ಇವೆರಡನ್ನೂ ಬೇರ್ಪಡಿಸಲು ಸುಲಭ ಉಪಾಯವಿದೆ. ಗಂಟೆಗೆ 70ರಿಂದ 80 ಕಿ.ಮೀ. ವೇಗದಲ್ಲಿ ಸಮನಾಗಿ ಸಾಗುತ್ತಿರುವಾಗ, ಹಿಂದೆ ವಾಹನವಿಲ್ಲವೆಂದು ನೋಡಿಕೊಂಡು, ಗೇರ್ ಲಿವರಿನ ಓ/ಡಿ ಗುಂಡಿಯನ್ನು ಒತ್ತಿ ಓವರ್‌ಡ್ರೈವ್ ಆಫ್ ಮಾಡಿ. ಕಾರು ನಾಲ್ಕನೆಯ ಗೇರಿನಲ್ಲಿದ್ದರೆ ಅದು ಮೂರಕ್ಕೆ ಇಳಿದು ಆರ್‌ಪಿಎಂ ಥಟ್ಟನೆ ನೂರಕ್ಕೆ ನಲವತ್ತರಷ್ಟು ಏರುತ್ತದೆ. ಗುಂಡಿ ಒತ್ತಿದರೂ ಮುಳ್ಳು ಕದಲದಿದ್ದರೆ ಕಾರು ಅದಕ್ಕೂ ಮುನ್ನ ಮೂರರಲ್ಲೇ ಇತ್ತು ಎಂದರ್ಥ. ಗುಂಡಿಗೆ ಸ್ಪಂದಿಸಿ, ನಾಲ್ಕರಲ್ಲಿದ್ದಾಗ ಮಾತ್ರ ಲೆಕ್ಕಕ್ಕಿಂತ ಇನ್ನೂರು ಮುನ್ನೂರು ಸುತ್ತು ಹೆಚ್ಚು ತೋರಿಸುತ್ತಿದ್ದರೆ ಓವರ್‌ಡ್ರೈವ್ ಸರಿಯಾಗಿದೆ, ನೋಡಬೇಕಾದದ್ದು ಲಾಕಪ್ಪನ್ನು.

ಇನ್ನೂ ಒಂದನ್ನು ಇದೇ ಪ್ರಯಾಣದಲ್ಲಿ ಗಮನಿಸಿ. ನಿಂತಲ್ಲಿಂದ ಹೊರಡುವಾಗಲೇ ಕಾರು ಬಹಳ ಮಂದವಾಗಿ, ಎಳೆತವಿಲ್ಲದೆ ಚಲಿಸುತ್ತಿದ್ದರೆ, ಮುಳ್ಳು ಒಂದು ಸಲವೂ ಇಳಿಯದಿದ್ದರೆ, ಅದು ಓವರ್‌ಡ್ರೈವಿನ ದೋಷವಲ್ಲ. ಕಂಪ್ಯೂಟರ್ ದೊಡ್ಡ ತೊಂದರೆಯೊಂದನ್ನು ಕಂಡು ರಕ್ಷಣಾ ಸ್ಥಿತಿಗೆ ಹೋಗಿ, ಪೆಟ್ಟಿಗೆಯನ್ನು ಒಂದೇ ಗೇರಿನಲ್ಲಿ, ಬಹಳಷ್ಟು ಕಾರುಗಳಲ್ಲಿ ಮೂರರಲ್ಲಿ, ನಿಲ್ಲಿಸಿದೆ. ಮೆಕ್ಯಾನಿಕ್‌ಗಳು ಇದನ್ನು ಲಿಂಪ್ ಮೋಡ್ ಎನ್ನುತ್ತಾರೆ. ಹಾಗಿದ್ದರೆ ನಡುವಿನ ಹಂತಗಳನ್ನು ಬಿಟ್ಟು ನೇರವಾಗಿ ಸ್ಕ್ಯಾನರಿನ ಹಂತಕ್ಕೆ ಹೋಗಿ.

ಏರುದಾರಿಯಲ್ಲಿ ಈ ಪರೀಕ್ಷೆ ಮಾಡಬಾರದು. ದೇವರಾಯನದುರ್ಗದ ಘಾಟಿ ಹತ್ತುವಾಗ ಕಾರು ನಾಲ್ಕನೆಯ ಗೇರಿಗೆ ಹೋಗದಿರುವುದು ಆರೋಗ್ಯದ ಲಕ್ಷಣ. ಎಂಜಿನ್ನಿನ ಮೇಲೆ ಹೊರೆ ಹೆಚ್ಚಿದಾಗ ಕಂಪ್ಯೂಟರ್ ಕೆಳಗಿನ ಗೇರನ್ನೇ ಹಿಡಿದಿಡಬೇಕು. ಅದೇ ಬೆಟ್ಟ ಇಳಿಯುವಾಗ ಎಂಜಿನ್ನಿನ ಹಿಡಿತ ಸಿಗಲೆಂದು ಓವರ್‌ಡ್ರೈವನ್ನು ನಾವೇ ಆಫ್ ಮಾಡುವುದು ಸರಿಯಾದ ಕ್ರಮ.

ಎರಡನೆಯ ಹಂತ: ಗುಂಡಿ ಮತ್ತು ದೀಪ

ಬೆಟ್ಟ ಇಳಿಯುವಾಗ ಒತ್ತಿದ ಗುಂಡಿಯನ್ನು ಮತ್ತೆ ಒತ್ತಲು ಮರೆತಿರುವುದು, ಕಾರು ತೊಳೆಯುವವರ ಕೈ ತಾಗಿ ಅದು ಒತ್ತಿಹೋಗಿರುವುದು ಅಪರೂಪವಲ್ಲ. ಮೀಟರ್ ಬೋರ್ಡಿನಲ್ಲಿ "ಓ/ಡಿ ಆಫ್" ದೀಪ ಉರಿಯುತ್ತಿದೆಯೇ ನೋಡಿ. ಬಹುತೇಕ ಕಾರುಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಬೇರೆ ದೀಪಗಳೊಂದಿಗೆ ಇದೂ ಒಂದೆರಡು ಕ್ಷಣ ಉರಿದು ಆರಬೇಕು. ಆ ಕ್ಷಣದಲ್ಲೂ ಉರಿಯದಿದ್ದರೆ ಬಲ್ಬೇ ಹೋಗಿದೆ ಅಥವಾ ದೋಷ ಮುಚ್ಚಿಡಲು ಯಾರೋ ಅದನ್ನು ತೆಗೆದಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ಕೊಳ್ಳುವ ಮುನ್ನವೇ ನೋಡಬೇಕು.

ದೀಪ ಸ್ಥಿರವಾಗಿ ಉರಿಯುತ್ತಿದ್ದು ಗುಂಡಿಗೆ ಸ್ಪಂದಿಸದಿದ್ದರೆ ಸ್ವಿಚ್ ಅಥವಾ ಅದರ ವೈರಿನಲ್ಲಿ ದೋಷವಿದೆ. ಈ ವೈರು ಲಿವರಿನ ಕೊಳವೆಯೊಳಗಿಂದ ಇಳಿದು ಪ್ರತಿ ಸಲ ಗೇರು ಬದಲಿಸಿದಾಗಲೂ ಬಾಗುವುದರಿಂದ, ಹಳೆಯ ಕಾರುಗಳಲ್ಲಿ ಲಿವರಿನ ಬುಡದಲ್ಲಿ ತುಂಡಾಗುತ್ತದೆ ಅಥವಾ ಹೊದಿಕೆ ಸವೆದು ಲೋಹಕ್ಕೆ ತಾಗುತ್ತದೆ. ನಡುವಿನ ಕನ್ಸೋಲ್ ಬಿಚ್ಚಿ, ಸ್ವಿಚ್ಚಿನ ಕನೆಕ್ಟರ್ ಕಳಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಗುಂಡಿ ಒತ್ತಿ ಬಿಟ್ಟು ನೋಡಿದರೆ ಸಂಪರ್ಕ ಕೂಡುವುದೂ ಬಿಡುವುದೂ ತಿಳಿಯುತ್ತದೆ. ದೀಪ ಸ್ಥಿರವಾಗಿರದೆ ಮಿಟುಕುತ್ತಿದ್ದರೆ ಅರ್ಥವೇ ಬೇರೆ: ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸ್ ಕಂಪ್ಯೂಟರ್ ತನ್ನಲ್ಲೊಂದು ದೋಷ ದಾಖಲಾಗಿದೆ ಎಂದು ತಿಳಿಸುವುದು ಹೀಗೆಯೇ.

ಮೂರನೆಯ ಹಂತ: ಎಂಜಿನ್ ಬಿಸಿಯಾಗುತ್ತಿದೆಯೇ

ಗೇರ್‌ಬಾಕ್ಸಿನ ದೋಷಕ್ಕೆ ರೇಡಿಯೇಟರನ್ನು ಪರೀಕ್ಷಿಸಿ ಎಂದರೆ ಅನೇಕರಿಗೆ ವಿಚಿತ್ರವೆನಿಸುತ್ತದೆ. ಆದರೆ ಕೂಲೆಂಟಿನ ಉಷ್ಣತೆ ಒಂದು ಮಟ್ಟ ತಲುಪುವವರೆಗೆ, ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನವರೆಗೆ, ಓವರ್‌ಡ್ರೈವ್ ಕೊಡಬಾರದೆಂದೇ ಹಲವು ಕಾರುಗಳ ಕಂಪ್ಯೂಟರಿನಲ್ಲಿ ಬರೆದಿರುತ್ತದೆ. ಎಂಜಿನ್ ಬೇಗ ಬಿಸಿಯಾಗಲಿ, ತಣ್ಣಗಿನ ಎಂಜಿನ್ ಕಡಿಮೆ ಸುತ್ತಿನಲ್ಲಿ ಹೊರೆ ಎಳೆಯದಿರಲಿ ಎಂಬುದು ಇದರ ಉದ್ದೇಶ. ಆದ್ದರಿಂದ ಡಿಸೆಂಬರಿನ ಚಳಿಯಲ್ಲಿ ಮೊದಲ ಕೆಲವು ಕಿಲೋಮೀಟರ್ ನಾಲ್ಕನೆಯ ಗೇರು ಬೀಳದಿದ್ದರೆ ಚಿಂತೆ ಬೇಡ.

ಚಿಂತಿಸಬೇಕಾದದ್ದು ಎಂಜಿನ್ ಎಂದಿಗೂ ಸರಿಯಾದ ಬಿಸಿಗೆ ಬರದಿದ್ದಾಗ. ನಮ್ಮ ಕಡೆ ಬೇಸಿಗೆಯಲ್ಲಿ ಎಂಜಿನ್ ಹೀಟ್ ಆಗುತ್ತದೆ ಎಂಬ ಕಾರಣಕ್ಕೆ ಥರ್ಮೋಸ್ಟಾಟ್ ವಾಲ್ವನ್ನೇ ತೆಗೆದು ಬಿಸಾಡುವ ಪದ್ಧತಿ ಇನ್ನೂ ಉಳಿದಿದೆ. ಹಳೆಯ ಡೀಸೆಲ್ ಗಾಡಿಗಳಲ್ಲಿ ಅದರಿಂದ ಕಣ್ಣಿಗೆ ಕಾಣುವ ತೊಂದರೆ ಆಗದೇ ಇದ್ದಿರಬಹುದು, ಆದರೆ ಕಂಪ್ಯೂಟರ್ ಇರುವ ಆಟೊಮ್ಯಾಟಿಕ್ ಕಾರಿನಲ್ಲಿ ಅದು ದೊಡ್ಡ ತಪ್ಪು. ಹೆದ್ದಾರಿಯ ಗಾಳಿಗೆ ಕೂಲೆಂಟ್ ತಣ್ಣಗಾಗುತ್ತಲೇ ಇದ್ದು ಓವರ್‌ಡ್ರೈವಿಗೆ ಅನುಮತಿಯೇ ಸಿಗದಂತಾಗುತ್ತದೆ. ತೆರೆದ ಸ್ಥಿತಿಯಲ್ಲೇ ಕಚ್ಚಿಕೊಂಡ ಥರ್ಮೋಸ್ಟಾಟ್ ಕೂಡ ಇದನ್ನೇ ಮಾಡುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೂ ಉಷ್ಣತೆಯ ಮುಳ್ಳು ಎಂದಿನ ಜಾಗಕ್ಕೆ ಬರದಿದ್ದರೆ, ಸ್ಕ್ಯಾನರಿನಲ್ಲಿ ಕೂಲೆಂಟ್ 80 ಡಿಗ್ರಿಗಿಂತ ಬಹಳ ಕೆಳಗೆ ತೋರಿಸುತ್ತಿದ್ದರೆ, ಅಥವಾ ಪಿ 0128 ಎಂಬ ಕೋಡ್ ಸಿಕ್ಕಿದರೆ, ಹೊಸ ಥರ್ಮೋಸ್ಟಾಟ್ ಹಾಕಿಸಿ. ಕೂಲೆಂಟ್ ಸೆನ್ಸರ್ ಸುಳ್ಳು ಹೇಳುತ್ತಿರುವ ಸಾಧ್ಯತೆಯೂ ಇದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಬೆಳಿಗ್ಗೆ ಕೂಲೆಂಟಿನ ಉಷ್ಣತೆಯೂ ಹೊರಗಾಳಿಯ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು.

ನಾಲ್ಕನೆಯ ಹಂತ: ಗೇರ್ ಆಯಿಲ್

ಆಟೊಮ್ಯಾಟಿಕ್ ಪೆಟ್ಟಿಗೆಯಲ್ಲಿ ಎಟಿಎಫ್ ಎಂಬ ಆಯಿಲ್ ಸವೆತ ತಡೆಯುವುದಷ್ಟೇ ಅಲ್ಲ, ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವ ಶಕ್ತಿಯೂ ಅದರ ಒತ್ತಡವೇ. ಆಯಿಲ್ ಕಡಿಮೆಯಾದರೆ ಪಂಪು ಗಾಳಿಯನ್ನೂ ಎಳೆಯುತ್ತದೆ, ಒತ್ತಡ ಕುಸಿಯುತ್ತದೆ, ಹಿಡಿಯಬೇಕಾದ ಕ್ಲಚ್ ಜಾರುತ್ತದೆ. ಹೆಚ್ಚಾದರೂ ತಿರುಗುವ ಗೇರುಗಳಿಗೆ ಸಿಕ್ಕಿ ನೊರೆಯೆದ್ದು ಇದೇ ಪರಿಣಾಮ ಬೀರುತ್ತದೆ.

ಅಳೆಯುವ ವಿಧಾನ ಎಂಜಿನ್ ಆಯಿಲ್ ಅಳೆಯುವಂತಲ್ಲ. ಕಾರನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬಂದು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲನ್ನು ಬ್ರೇಕಿನ ಮೇಲಿಟ್ಟು, ಲಿವರನ್ನು ಪಿಯಿಂದ ಕೆಳಗಿನ ಕೊನೆಯ ಸ್ಥಾನದವರೆಗೆ ಒಂದೊಂದರಲ್ಲೂ ಎರಡು ಮೂರು ಸೆಕೆಂಡ್ ನಿಲ್ಲಿಸುತ್ತಾ ಒಯ್ದು ಮತ್ತೆ ಪಿಗೆ ತನ್ನಿ. ಎಂಜಿನ್ ಓಡುತ್ತಿರುವಂತೆಯೇ ಡಿಪ್‌ಸ್ಟಿಕ್ ಎಳೆದು, ನೂಲು ಬಿಡದ ಶುಭ್ರ ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದಾಗ ಆಯಿಲ್ "ಹಾಟ್" ಗುರುತಿನ ಎರಡು ಗೆರೆಗಳ ನಡುವೆ ಇರಬೇಕು. ಕೆಲವು ಹ್ಯುಂಡೈ ಕಾರುಗಳಲ್ಲಿ ಪಿ ಬದಲು ಎನ್ ಸ್ಥಾನದಲ್ಲಿ ನೋಡಬೇಕು; ಹೋಂಡಾ ಕಾರುಗಳಲ್ಲಿ ಬಿಸಿ ಎಂಜಿನ್ನನ್ನು ಆಫ್ ಮಾಡಿ ಒಂದು ಒಂದೂವರೆ ನಿಮಿಷದೊಳಗೆ ನೋಡಬೇಕು. ಡಿಪ್‌ಸ್ಟಿಕ್ಕೇ ಇಲ್ಲದ ಕಾರುಗಳಲ್ಲಿ ಆಯಿಲ್ ನಿಗದಿತ ಉಷ್ಣತೆಗೆ ಬಂದಾಗ ಕೆಳಗಿನ ಓವರ್‌ಫ್ಲೋ ಬೋಲ್ಟ್ ಬಿಚ್ಚಿ ಅಳೆಯಬೇಕಾದ್ದರಿಂದ ಅದು ಲಿಫ್ಟ್ ಮತ್ತು ಸ್ಕ್ಯಾನರ್ ಎರಡೂ ಇರುವ ಗ್ಯಾರೇಜಿನ ಕೆಲಸ.

ಮಟ್ಟದಷ್ಟೇ ಮುಖ್ಯವಾದದ್ದು ಆಯಿಲಿನ ಬಣ್ಣ ಮತ್ತು ವಾಸನೆ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬೀಳಿಸಿ ನೋಡಿ. ಕೆಂಪು ಅಥವಾ ತಿಳಿಕಂದು ಇದ್ದರೆ ಸರಿ. ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಕ್ಲಚ್ ಪ್ಲೇಟುಗಳು ಜಾರಿ ಸುಟ್ಟಿವೆ, ಹೊಸ ಆಯಿಲ್ ಹಾಕಿದ ಮಾತ್ರಕ್ಕೆ ಅವು ಮರಳಿ ಬರುವುದಿಲ್ಲ. ಸ್ಟ್ರಾಬೆರಿ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಕಾರನ್ನು ಅಲ್ಲಿಯೇ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಬೇಡಿ.

ಈ ಕೊನೆಯ ಸ್ಥಿತಿಯ ಬಗ್ಗೆ ತುಮಕೂರು ಜಿಲ್ಲೆಯವರು ವಿಶೇಷವಾಗಿ ಎಚ್ಚರದಿಂದಿರಬೇಕು. ಅನೇಕ ಕಾರುಗಳಲ್ಲಿ ಎಟಿಎಫ್ ತಣ್ಣಗಾಗಿಸುವ ಪುಟ್ಟ ಕೂಲರ್ ರೇಡಿಯೇಟರಿನ ಟ್ಯಾಂಕಿನೊಳಗೇ, ಕೂಲೆಂಟಿನಲ್ಲಿ ಮುಳುಗಿ ಕೂತಿರುತ್ತದೆ. ಶಿರಾ, ಮಧುಗಿರಿ, ಪಾವಗಡದ ಕಡೆ ಕೊಳವೆಬಾವಿಯ ನೀರು ಗಡಸು. ಕೂಲೆಂಟ್ ಕಡಿಮೆಯಾದಾಗಲೆಲ್ಲ ಆ ನೀರನ್ನೇ ಸುರಿಯುತ್ತಾ ಹೋದರೆ ರೇಡಿಯೇಟರಿನೊಳಗೆ ಸುಣ್ಣದ ಪದರ ಕಟ್ಟುತ್ತದೆ, ತುಕ್ಕು ತಡೆಯುವ ರಾಸಾಯನಿಕ ತೆಳುವಾಗುತ್ತದೆ, ಕೂಲರಿನ ಲೋಹ ಸವೆಯುತ್ತದೆ, ಒಂದು ದಿನ ಅದು ತೂತಾಗಿ ಕೂಲೆಂಟ್ ಗೇರ್‌ಬಾಕ್ಸಿಗೆ ನುಗ್ಗುತ್ತದೆ. ಕೂಲೆಂಟಿನಲ್ಲಿರುವ ನೀರೂ ಗ್ಲೈಕಾಲೂ ಕ್ಲಚ್ ಪ್ಲೇಟಿನ ಹೊದಿಕೆಯನ್ನು ಅಂಟಿನಿಂದ ಬಿಡಿಸುತ್ತವೆ. ಹಾಗಾದ ಪೆಟ್ಟಿಗೆ ಉಳಿಯುವುದು ಕಷ್ಟ. ಸಿದ್ಧ ಮಿಶ್ರಣದ ಕೂಲೆಂಟ್ ಡಬ್ಬಿಯೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ಅಗ್ಗದ ರಕ್ಷಣೆ ಆಟೊಮ್ಯಾಟಿಕ್ ಕಾರಿಗೆ ಇನ್ನೊಂದಿಲ್ಲ.

ಆಯಿಲ್ ಸೇರಿಸಬೇಕಾಗಿ ಬಂದರೆ ಕಂಪನಿ ಹೇಳಿದ ಜಾತಿಯನ್ನೇ ಹಾಕಿ. ಟೊಯೊಟಾದಲ್ಲಿ ಹಳೆಯವಕ್ಕೆ ಟಿ-ಫೋರ್, ನಂತರದವಕ್ಕೆ ಡಬ್ಲ್ಯುಎಸ್. ಹ್ಯುಂಡೈನ ನಾಲ್ಕು ಗೇರಿನವಕ್ಕೆ ಎಸ್‌ಪಿ-ತ್ರೀ. ಹೋಂಡಾಗೆ ಮೊದಲು ಝಡ್-ಒನ್ ಇತ್ತು, ಈಗ ಡಿಡಬ್ಲ್ಯು-ಒನ್. ಇವುಗಳ ಘರ್ಷಣ ಗುಣ ಬೇರೆಬೇರೆ. "ಎಲ್ಲ ಕೆಂಪು ಆಯಿಲೂ ಒಂದೇ" ಎಂಬ ಮಾತಿಗೆ ಕಿವಿಗೊಡಬೇಡಿ.

ಐದನೆಯ ಹಂತ: ಸ್ಕ್ಯಾನರ್

ಆಜ್ಞೆ ಹೊರಟಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗುವುದು ಇಲ್ಲಿ. ಫೋನಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸಾಧನಗಳು ಸಾಮಾನ್ಯವಾಗಿ ಎಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತವೆ. ಅದರಲ್ಲಿ ಪಿ 0700 ಎಂದು ಕಂಡರೆ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಬೇರೊಂದು ಕೋಡ್ ಇದೆ, ಅದನ್ನು ಓದಬಲ್ಲ ಸ್ಕ್ಯಾನರ್ ಬೇಕು ಎಂದಷ್ಟೇ ಅರ್ಥ. ಗ್ಯಾರೇಜಿಗೆ ಫೋನ್ ಮಾಡುವಾಗಲೇ "ನಿಮ್ಮ ಸ್ಕ್ಯಾನರ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡ್ಯೂಲ್ ಓದುತ್ತದೆಯೇ, ಓಡುವಾಗ ಲೈವ್ ಡೇಟಾ ತೋರಿಸುತ್ತದೆಯೇ" ಎಂದು ಕೇಳಿ. ಕೋಡ್ ಅಳಿಸುವ ಮುನ್ನ ಪರದೆಯ ಫೋಟೊ ತೆಗೆದುಕೊಳ್ಳುವುದನ್ನು ಮರೆಯಬಾರದು. ಅಳಿಸಿದ ಕೋಡಿನೊಂದಿಗೆ ದೋಷದ ಸುಳಿವೂ ಅಳಿದುಹೋಗುತ್ತದೆ.

ಕೋಡುಗಳನ್ನು ಹೀಗೆ ಓದಿಕೊಳ್ಳಬಹುದು. ಪಿ 0705 ಎಂದರೆ ಲಿವರ್ ಯಾವ ಸ್ಥಾನದಲ್ಲಿದೆ ಎಂದು ತಿಳಿಸುವ ರೇಂಜ್ ಸ್ವಿಚ್ಚಿನ ದೋಷ. ಪಿ 0715 ಟರ್ಬೈನ್ (ಒಳಬರುವ ಶಾಫ್ಟಿನ) ವೇಗದ ಸೆನ್ಸರಿಗೂ, ಪಿ 0720 ಹೊರಶಾಫ್ಟಿನ ವೇಗದ ಸೆನ್ಸರಿಗೂ, ಪಿ 0500 ವಾಹನದ ವೇಗದ ಸೆನ್ಸರಿಗೂ ಸೇರಿವೆ. ಪಿ 0750, 0755, 0760 ಇವು ಶಿಫ್ಟ್ ಸೊಲೆನಾಯ್ಡ್‌ಗಳವು, ಅಂದರೆ ಆಯಿಲಿನ ಹಾದಿಯನ್ನು ತೆರೆದು ಮುಚ್ಚುವ ವಿದ್ಯುತ್ ವಾಲ್ವುಗಳವು. ಪಿ 0740, 0741 ಲಾಕಪ್ಪಿಗೆ ಸಂಬಂಧಿಸಿದವು. ಇವೆಲ್ಲಕ್ಕಿಂತ ಭಿನ್ನವಾದದ್ದು ಪಿ 0734: ನಾಲ್ಕನೆಯ ಗೇರಿಗೆ ಆಜ್ಞೆ ಕೊಟ್ಟೆ, ಆದರೆ ಅಳೆದಾಗ ನಾಲ್ಕರ ಅನುಪಾತ ಬರಲಿಲ್ಲ ಎಂದು ಕಂಪ್ಯೂಟರ್ ತಾನೇ ಹೇಳುತ್ತಿದೆ. ಇದು ಬಂದರೆ ಗಮನವನ್ನು ಸೊಲೆನಾಯ್ಡ್, ವಾಲ್ವ್ ಬಾಡಿ (ಆಯಾ ಕ್ಲಚ್ಚಿಗೆ ಆಯಿಲ್ ಹಂಚುವ ವಾಲ್ವುಗಳ ಜೋಡಣೆ), ಕ್ಲಚ್ಚುಗಳ ಕಡೆಗೆ ತಿರುಗಿಸಬೇಕು.

ಕೋಡ್ ಒಂದೂ ಇಲ್ಲದಿದ್ದರೂ ಲೈವ್ ಡೇಟಾ ನೋಡಿ. ಸಮತಟ್ಟಾದ ರಸ್ತೆಯಲ್ಲಿ 70 ಕಿ.ಮೀ. ವೇಗದಲ್ಲಿ ಸಾಗುವಾಗ "ಆಜ್ಞಾಪಿತ ಗೇರ್" ಎಂಬ ಸಾಲಿನಲ್ಲಿ 3 ಇದೆಯೋ 4 ಇದೆಯೋ? ನಾಲ್ಕು ಎಂದಿದ್ದು ಆರ್‌ಪಿಎಂ ಮೂರರ ಲೆಕ್ಕಕ್ಕೆ ಹೊಂದುತ್ತಿದ್ದರೆ ಆಜ್ಞೆ ಹೊರಟಿದೆ, ನೆರವೇರಿಲ್ಲ. ಮೂರು ಎಂದಿದ್ದರೆ ಆಜ್ಞೆಯೇ ಹೊರಟಿಲ್ಲ. ಆಗ ಕಂಪ್ಯೂಟರಿಗೆ ತಲುಪುತ್ತಿರುವ ಯಾವ ಮಾಹಿತಿ ಅದನ್ನು ತಡೆಯುತ್ತಿದೆ ಎಂದು ಅದೇ ಪರದೆಯಲ್ಲಿ ಹುಡುಕಬೇಕು.

ಆಜ್ಞೆ ಹೊರಟಿಲ್ಲವಾದರೆ

ಲಿವರನ್ನು ಒಂದೊಂದು ಸ್ಥಾನಕ್ಕೆ ಇಟ್ಟು ಪರದೆಯಲ್ಲೂ ಅದೇ ಅಕ್ಷರ ಬರುತ್ತಿದೆಯೇ ನೋಡಿ. ಲಿವರ್ ಡಿಯಲ್ಲಿದ್ದು ಪರದೆ 3 ಅಥವಾ 2 ಎಂದು ತೋರಿಸಿದರೆ, ಚಾಲಕರೇ ಕೆಳಗಿನ ಗೇರು ಕೇಳಿದ್ದಾರೆಂದು ಕಂಪ್ಯೂಟರ್ ತಿಳಿದಿದೆ. ಲಿವರಿನ ಕೇಬಲ್ಲಿನ ತುದಿಯ ಬುಷ್ ಸವೆದಿರುವುದು, ರೇಂಜ್ ಸ್ವಿಚ್ಚಿನ ಬೋಲ್ಟ್ ಸಡಿಲಾಗಿ ಅದು ತಿರುಗಿರುವುದು, ಅಥವಾ ಮಳೆನೀರು ಒಳಹೋಗಿ ಸಂಪರ್ಕಗಳು ಕಿಲುಬು ಹಿಡಿದಿರುವುದು ಇದಕ್ಕೆ ಕಾರಣ. ಪಿ ಮತ್ತು ಎನ್ ಸ್ಥಾನಗಳಲ್ಲಿ ಮಾತ್ರ ಸ್ಟಾರ್ಟ್ ಆಗಬೇಕು, ಆರ್‌ನಲ್ಲಿ ಮಾತ್ರ ಹಿಂಬದಿಯ ಬಿಳಿ ದೀಪ ಉರಿಯಬೇಕು. ಇದರಲ್ಲಿ ಏರುಪೇರಿದ್ದರೆ ಸ್ವಿಚ್ಚನ್ನು ಎನ್ ಗುರುತಿಗೆ ಹೊಂದಿಸಿ ಬಿಗಿಯುವುದು ಅರ್ಧ ಗಂಟೆಯ ಕೆಲಸ.

ಮುಂದೆ ಥ್ರಾಟಲ್ ಸೆನ್ಸರ್, ಅಂದರೆ ಆಕ್ಸಿಲರೇಟರನ್ನು ಎಷ್ಟು ಒತ್ತಿದೆ ಎಂದು ತಿಳಿಸುವುದು. ಕಾಲು ತೆಗೆದಾಗ ಸುಮಾರು ಅರ್ಧ ವೋಲ್ಟ್ ಇದ್ದು, ನಿಧಾನವಾಗಿ ಒತ್ತುತ್ತಾ ಹೋದಂತೆ ಎಲ್ಲಿಯೂ ಜಿಗಿಯದೆ ನಾಲ್ಕು ವೋಲ್ಟಿನಾಚೆಗೆ ಏರಬೇಕು. ಹಗುರವಾಗಿ ಒತ್ತಿದ್ದರೂ ಸೆನ್ಸರ್ ಬಲವಾಗಿ ಒತ್ತಿದಂತೆ ತೋರಿಸಿದರೆ ಕಂಪ್ಯೂಟರ್ ಕೆಳಗಿನ ಗೇರನ್ನೇ ಹಿಡಿದಿಡುತ್ತದೆ. ವೇಗದ ಸೆನ್ಸರಿನ ಅಂಕಿ ಸ್ಪೀಡೋಮೀಟರಿಗೆ ಹೊಂದುತ್ತಿದೆಯೇ, ಬ್ರೇಕ್ ಒತ್ತದಿದ್ದಾಗ ಬ್ರೇಕ್ ಸ್ವಿಚ್ "ಆಫ್" ಎಂದೇ ಇದೆಯೇ ಎಂಬುದನ್ನೂ ನೋಡಿ. ಬ್ರೇಕ್ ಸ್ವಿಚ್ಚಿನ ದೋಷದಿಂದ ಲಾಕಪ್ ಬೀಳುವುದಿಲ್ಲ.

ಪರದೆಯಲ್ಲಿ ಸಂಕೇತವೇ ಬರದಿದ್ದರೆ ಸೆನ್ಸರ್ ಕೊಳ್ಳುವ ಮುನ್ನ ವೈರುಗಳನ್ನು ಕಣ್ಣಾರೆ ನೋಡಿ. ತೆಂಗಿನ ತೋಟದ ಮನೆಯ ಕೊಟ್ಟಿಗೆಯಲ್ಲೋ ರಾಗಿ ಕಣಜದ ಪಕ್ಕದಲ್ಲೋ ನಿಲ್ಲಿಸಿದ ಕಾರಿನ ವೈರುಗಳನ್ನು ಇಲಿ ಹೆಗ್ಗಣಗಳು ಕಡಿಯುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಬ್ಯಾಟರಿಯ ಕೆಳಗೆ ಹಾದು ಗೇರ್‌ಬಾಕ್ಸಿನ ಮೇಲೆ ಬರುವ ವೈರಿಂಗ್ ಕಟ್ಟು ಅವಕ್ಕೆ ಬೆಚ್ಚಗಿನ ಜಾಗ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಇರಬೇಕು. ದುರ್ಬಲ ಬ್ಯಾಟರಿಯೂ ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟೂ ವಿಚಿತ್ರವಾದ ಕೋಡುಗಳನ್ನು ಹುಟ್ಟಿಸುತ್ತವೆ.

ಆಜ್ಞೆ ಹೊರಟಿದ್ದೂ ನೆರವೇರದಿದ್ದರೆ

ಆಜ್ಞೆಯನ್ನು ಆಯಿಲಿನ ಒತ್ತಡವನ್ನಾಗಿ ಬದಲಿಸುವುದು ಸೊಲೆನಾಯ್ಡ್. ಗೇರ್‌ಬಾಕ್ಸಿನ ಹೊರಗಿನ ಕನೆಕ್ಟರಿನಲ್ಲಿಯೇ ಅದರ ಕಾಯಿಲಿನ ನಿರೋಧವನ್ನು ಅಳೆಯಬಹುದು. ಆನ್-ಆಫ್ ಬಗೆಯ ಶಿಫ್ಟ್ ಸೊಲೆನಾಯ್ಡ್‌ಗಳಲ್ಲಿ ಇದು ಅನೇಕ ಪೆಟ್ಟಿಗೆಗಳಿಗೆ 11ರಿಂದ 15 ಓಮ್ ಇರುತ್ತದೆ. ಒತ್ತಡ ನಿಯಂತ್ರಿಸುವ ಸೊಲೆನಾಯ್ಡ್‌ಗಳದ್ದು ಅದಕ್ಕಿಂತ ಬಹಳ ಕಡಿಮೆ, ಅವಕ್ಕೆ ನೇರವಾಗಿ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗಬಹುದು. ಯಾವ ಪಿನ್ ಯಾವುದೆಂದು ಸರ್ವಿಸ್ ಮ್ಯಾನುಯಲ್ಲಿನಲ್ಲಿ ನೋಡಿಯೇ ಕೈ ಹಾಕಿ. ನಿರೋಧ ಸರಿಯಿದ್ದು, ಕರೆಂಟ್ ಕೊಟ್ಟಾಗ ಟಿಕ್ ಎಂಬ ಸದ್ದು ಬಂದರೂ ಒಳಗಿನ ಸೂಕ್ಷ್ಮ ಜಾಲರಿಯಲ್ಲಿ ಕಸ ಸಿಕ್ಕಿಕೊಂಡಿರಬಹುದು.

ಟೊಯೊಟಾದ ಕೆಲವು ಹಳೆಯ ನಾಲ್ಕು ಗೇರಿನ ಪೆಟ್ಟಿಗೆಗಳಲ್ಲಿ ಬಹಳ ಉಪಯುಕ್ತವಾದ ಪರೀಕ್ಷೆಯೊಂದಿದೆ. ಸೊಲೆನಾಯ್ಡ್ ಕನೆಕ್ಟರನ್ನು ಕಳಚಿದರೆ ಕಂಪ್ಯೂಟರಿನ ಪಾತ್ರ ಮುಗಿದು, ಲಿವರ್ ಎಲ್‌ನಲ್ಲಿದ್ದರೆ ಮೊದಲನೆಯ ಗೇರು, 2ರಲ್ಲಿದ್ದರೆ ಮೂರನೆಯದು, ಡಿಯಲ್ಲಿದ್ದರೆ ಓವರ್‌ಡ್ರೈವ್ ನೇರವಾಗಿ ಬೀಳುತ್ತದೆ. ಹಾಗೆ ಓವರ್‌ಡ್ರೈವ್ ಸಿಕ್ಕಿತೆಂದರೆ ಒಳಗಿನ ಕ್ಲಚ್ಚುಗಳು ಆರೋಗ್ಯವಾಗಿವೆ, ಪೆಟ್ಟಿಗೆ ಇಳಿಸುವ ಮಾತನ್ನೇ ಬಿಡಬಹುದು. ಬೇರೆ ಬಹಳಷ್ಟು ಕಾರುಗಳಲ್ಲಿ ಕನೆಕ್ಟರ್ ಕಳಚಿದರೆ ಮೂರನೆಯ ಗೇರು ಮಾತ್ರ ಸಿಗುತ್ತದೆ. ನಿಮ್ಮ ಕಾರು ಯಾವ ಬಗೆಯದೆಂದು ತಿಳಿಯದೆ ಈ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬೇಡಿ. ಪರೀಕ್ಷೆಯ ಬಳಿಕ ಕನೆಕ್ಟರ್ ಜೋಡಿಸಿ, ದಾಖಲಾದ ಕೋಡುಗಳನ್ನು ಅಳಿಸಬೇಕು.

ಪೆಟ್ಟಿಗೆ ಬಿಚ್ಚದೆಯೇ ಕ್ಲಚ್ಚಿನ ಸ್ಥಿತಿ ಊಹಿಸಲು ಇನ್ನೊಂದು ದಾರಿ ಇದೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ತಪಾಸಣೆಯಲ್ಲಿ ಹೆಚ್ಚು ಬೆಲೆಬಾಳುವ ಯೋಚನೆ ಇದೇ. ಗೇರ್‌ಬಾಕ್ಸಿನೊಳಗಿನ ಬಹುತೇಕ ಕ್ಲಚ್ಚುಗಳೂ, ತಿರುಗುವ ಭಾಗವನ್ನು ಬಿಗಿಹಿಡಿಯುವ ಬ್ಯಾಂಡ್‌ಗಳೂ ಒಂದಕ್ಕಿಂತ ಹೆಚ್ಚು ಗೇರುಗಳಲ್ಲಿ ಕೆಲಸ ಮಾಡುತ್ತವೆ. ಅನೇಕ ನಾಲ್ಕು ಗೇರಿನ ವಿನ್ಯಾಸಗಳಲ್ಲಿ ಎರಡನೆಯ ಮತ್ತು ನಾಲ್ಕನೆಯ ಗೇರು ಎರಡಕ್ಕೂ ಒಂದೇ ಬ್ರೇಕ್ ಬ್ಯಾಂಡ್ ಅಥವಾ ಪ್ಲೇಟುಗಳ ಗುಂಪು ಬೇಕು. ಅಂಥ ಪೆಟ್ಟಿಗೆಯಲ್ಲಿ ಎರಡನೆಯ ಗೇರು ಗಟ್ಟಿಯಾಗಿ ಬೀಳುತ್ತಿದ್ದರೆ ಆ ಬ್ಯಾಂಡ್ ಸವೆದುಹೋಗಿದೆ ಎಂಬ ವಾದ ನಿಲ್ಲುವುದಿಲ್ಲ; ಎರಡೂ ಇಲ್ಲವಾದರೆ ಸಂಶಯ ನೇರವಾಗಿ ಅದರ ಮೇಲೆಯೇ. ನಿಮ್ಮ ಪೆಟ್ಟಿಗೆಯಲ್ಲಿ ಯಾವ ಗೇರಿಗೆ ಯಾವ ಕ್ಲಚ್ ಎಂಬ ಕೋಷ್ಟಕ ಸರ್ವಿಸ್ ಮ್ಯಾನುಯಲ್ಲಿನಲ್ಲಿ ಒಂದೇ ಪುಟದಲ್ಲಿರುತ್ತದೆ. ಆ ಪುಟವನ್ನು ನೋಡದೆ ಪೆಟ್ಟಿಗೆ ಇಳಿಸಲು ಹೊರಟವರಿಗೆ ಕಾರು ಕೊಡಬೇಡಿ.

ಮೂರರಿಂದ ನಾಲ್ಕಕ್ಕೆ ಹೋಗುವ ಹೊತ್ತಿಗೆ ಆರ್‌ಪಿಎಂ ಇಳಿಯುವ ಬದಲು ಥಟ್ಟನೆ ಏರಿ, ಎಂಜಿನ್ ಗಾಳಿಯಲ್ಲಿ ತಿರುಗಿದಂತಾಗಿ, ಮತ್ತೆ ಮೂರಕ್ಕೆ ಮರಳುತ್ತಿದ್ದರೆ ಆ ಗೇರಿನ ಕ್ಲಚ್ ಜಾರುತ್ತಿದೆ. ಆಯಿಲ್ ಚೇಂಬರ್ ಇಳಿಸಿ ನೋಡುವುದು ಆಗಿನ ಕೆಲಸ. ಒಳಗಿನ ಆಯಸ್ಕಾಂತದ ಮೇಲೆ ತೆಳ್ಳಗೆ ಬೂದುಬಣ್ಣದ ನುಣ್ಣನೆಯ ಪುಡಿ ಇದ್ದರೆ ಅದು ಸಹಜ ಸವೆತ. ಹೊಳೆಯುವ ಲೋಹದ ಚೂರುಗಳು ಬೇರಿಂಗ್ ಅಥವಾ ಗೇರು ಮುರಿದದ್ದನ್ನೂ, ದಪ್ಪನೆಯ ಕಪ್ಪು ಗಸಿ ಪ್ಲೇಟುಗಳು ಸುಟ್ಟದ್ದನ್ನೂ ಹೇಳುತ್ತವೆ. ಆಯಿಲ್ ಶುಭ್ರವಾಗಿದ್ದು ಚೇಂಬರೂ ಶುಭ್ರವಾಗಿದ್ದರೆ ವಾಲ್ವ್ ಬಾಡಿಯಲ್ಲಿ 3-4 ಶಿಫ್ಟ್ ವಾಲ್ವ್ ಕಚ್ಚಿಕೊಂಡಿರಬಹುದು. ವಾಲ್ವ್ ಬಾಡಿಯನ್ನು ಬಹಳಷ್ಟು ಕಾರುಗಳಲ್ಲಿ ಪೆಟ್ಟಿಗೆ ಇಳಿಸದೆಯೇ ಕಳಚಬಹುದು.

ಗ್ಯಾರೇಜಿಗೆ ಹೋಗುವ ಮುನ್ನ

ದೋಷ ಸಿಗುವವರೆಗೆ ಕಾರನ್ನು ನಿಧಾನವಾಗಿ, ಗಂಟೆಗೆ 60 ಕಿ.ಮೀ. ಮೀರದಂತೆ ಓಡಿಸಬಹುದು, ಆದರೆ ಆಯಿಲಿನ ಬಣ್ಣ ಸರಿಯಿದ್ದು ಗೇರು ಜಾರದಿದ್ದರೆ ಮಾತ್ರ. ಜಾರುತ್ತಿರುವ ಕ್ಲಚ್ಚಿನ ಮೇಲೆ ಓಡಿಸಿದ ಪ್ರತಿ ಕಿಲೋಮೀಟರೂ ಪೆಟ್ಟಿಗೆಯೊಳಗೆ ಸುಟ್ಟ ಪುಡಿಯನ್ನು ಹರಡುತ್ತದೆ. ಎಳೆದೊಯ್ಯಬೇಕಾಗಿ ಬಂದರೆ ಮುಂದಿನ ಚಕ್ರಗಳಿಂದ ಓಡುವ ಆಟೊಮ್ಯಾಟಿಕ್ ಕಾರಿನ ಮುಂದಿನ ಚಕ್ರಗಳು ನೆಲಕ್ಕೆ ತಾಗದಂತೆ ಎತ್ತಬೇಕು. ಎಂಜಿನ್ ಆಫ್ ಇದ್ದಾಗ ಪಂಪು ತಿರುಗದೆ ಪೆಟ್ಟಿಗೆಗೆ ಆಯಿಲ್ ಸಿಗುವುದಿಲ್ಲ. ಫ್ಲಾಟ್‌ಬೆಡ್ ಗಾಡಿ ಸಿಕ್ಕಿದರೆ ಅದೇ ಉತ್ತಮ.

ಗ್ಯಾರೇಜಿನಲ್ಲಿ ಒಂದು ಹಾಳೆಯನ್ನು ಕೊಡಿ. ಅದರಲ್ಲಿ ಲೆಕ್ಕ ಹಾಕಿದ ಎರಡು ಆರ್‌ಪಿಎಂ ಸಂಖ್ಯೆಗಳು, ಓಡಿಸಿದಾಗ ಕಂಡ ಸಂಖ್ಯೆ, ಓ/ಡಿ ಗುಂಡಿ ಒತ್ತಿದಾಗ ಆದ ಬದಲಾವಣೆ, ಕೂಲೆಂಟಿನ ಉಷ್ಣತೆ, ಆಯಿಲಿನ ಮಟ್ಟ ಮತ್ತು ಬಣ್ಣ, ಕೋಡುಗಳ ಫೋಟೊ, ಆಜ್ಞಾಪಿತ ಗೇರಿನ ಅಂಕಿ ಇವಿಷ್ಟು ಇರಲಿ. ಪೆಟ್ಟಿಗೆ ಇಳಿಸಲೇಬೇಕೆಂದು ಅವರು ಹೇಳಿದರೆ, ಈ ಹಾಳೆಯಲ್ಲಿನ ಯಾವ ಅಂಶದಿಂದ ಆ ತೀರ್ಮಾನಕ್ಕೆ ಬಂದರೆಂದು ವಿನಯದಿಂದ ಕೇಳಿ, ಅಂದಾಜು ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ, ಬದಲಿಸಿದ ಹಳೆಯ ಪ್ಲೇಟುಗಳನ್ನೂ ಸೊಲೆನಾಯ್ಡ್‌ಗಳನ್ನೂ ತೋರಿಸಬೇಕೆಂದು ಕೆಲಸ ಆರಂಭವಾಗುವ ಮುನ್ನವೇ ತಿಳಿಸಿ.